ಸ್ಮಾರಕ ಸ್ತಂಭಗಳು: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆ

ನಾಡನ್ನು ಆಳಿದವರ, ಕಟ್ಟಿದವರ, ಜನರನ್ನು ಮುನ್ನಡೆಸಿದವರ ಗೌರವಕ್ಕೆಂದು ಎತ್ತರಕ್ಕೆ ನಿಲ್ಲಿಸಿದ ಕಂಬ, ಗೋಪುರ, ಗಡಿಯಾರದ ಕಂಬ ಮೊದಲಾದ ರಚನೆಗಳನ್ನು ಸ್ಮಾರಕ ಸ್ತಂಭಗಳೆನ್ನುತ್ತಾರೆ. ರೋಮ್ ನಗರದಲ್ಲಿ ಟ್ರಾಜನ್ ಚಕ್ರವರ್ತಿಯ ಕಂಬ ಕ್ರಿ.ಶ. 113ರಲ್ಲಿ ಎದ್ದಿತು. ಚಿತ್ತೋಡದಲ್ಲಿ ರಾಣಾ ಕುಂಭ ಮಾಳವದ ಸುಲ್ತಾನನನ್ನು ಗೆದ್ದ ನೆನಪಿಗೆ ಒಂಬತ್ತು ಅಂತಸ್ತಿನ ವಿಜಯಸ್ತಂಭವನ್ನು 1448ರಲ್ಲಿ ಮುಗಿಸಿದ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹೆಸರಿನ ಕಂಬಕ್ಕೆ 1848ರ ಜುಲೈ 4ರಂದು ಅಡಿಗಲ್ಲು ಬಿತ್ತು. ಹಣ ಸಾಲದೆ, ಜಗಳ ತೀರದೆ, ನಡುವೆ ಅಂತರ್ಯುದ್ಧವೂ ಬಂದು ಕೆಲಸ ಎರಡು ದಶಕಕ್ಕೂ ಹೆಚ್ಚು ಕಾಲ ನಿಂತುಹೋಯಿತು. 555 ಅಡಿ ಎತ್ತರದ ಆ ಕಂಬ ಮುಗಿದದ್ದು 1884ರಲ್ಲಿ. ಮತ್ತೆ ಕೆಲಸ ಹಿಡಿದಾಗ ಬೇರೆ ಗಣಿಯ ಅಮೃತಶಿಲೆ ತಂದದ್ದರಿಂದ ಸುಮಾರು 150 ಅಡಿ ಎತ್ತರದಲ್ಲಿ ಕಲ್ಲಿನ ಬಣ್ಣವೇ ಬದಲಾಗಿದೆ. ಎಲ್ಲಿ ಕೈಬಿಟ್ಟಿದ್ದರು ಎಂಬುದು ಇವತ್ತಿಗೂ ನೆಲದ ಮೇಲೆ ನಿಂತವರಿಗೆ ಕಾಣುತ್ತದೆ.

ಶಿವಮೊಗ್ಗ ಜಿಲ್ಲೆಯ ಪಶ್ಚಿಮಕ್ಕಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹೆಸರಾಂತ ಕಂಬಗಳಿವೆ, ಹೆಸರಾಂತ ಆಡಳಿತಗಾರರೂ ಆಗಿಹೋಗಿದ್ದಾರೆ. ಆದರೆ ಇವರಿಗಾಗಿ ಅವನ್ನು ನಿಲ್ಲಿಸಿದ್ದು ಅಪರೂಪ. ಇಲ್ಲಿ ಕಂಬ ದೇವರದು, ಜಿನನದು ಅಥವಾ ಕವಿತೆಯದು. ಅರಸನಿಗೆ ಅದರ ಬುಡದಲ್ಲಿ ಒಂದಿಷ್ಟು ಜಾಗ ಸಿಕ್ಕಿದರೆ ಸಿಕ್ಕಿತು. ಜನನಾಯಕರ ನೆನಪು ಕೆರೆ, ಬಯಲು, ರಂಗಮಂದಿರ, ವಿದ್ಯುದಾಗಾರಗಳ ಹೆಸರಿನಲ್ಲಿ ಉಳಿದಿದೆ. ಇದಕ್ಕೆ ನೆಲದ ಸ್ವಭಾವವೂ ಒಂದು ಕಾರಣವಿರಬೇಕು. ಗೋಪುರವೆಂದರೆ ಅದನ್ನು ತಲೆಯೆತ್ತಿ ನೋಡಲು ಬಯಲು ಬೇಕು, ಚೌಕ ಬೇಕು, ಅಲ್ಲಿ ಜನ ಸೇರಬೇಕು. ಮಲೆನಾಡಿನಲ್ಲಿ ಮನೆಗಳು ಒಂದೊಂದು ಅಡಿಕೆ ತೋಟದ ಮಗ್ಗುಲಿಗೆ ಒಂಟಿಯಾಗಿ ಹರಡಿಕೊಂಡಿವೆ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಡೆ ಕಟ್ಟುವವರು ಮೊದಲು ಮಾಡಿನ ಇಳಿಜಾರನ್ನು ಯೋಚಿಸುತ್ತಾರೆ, ಎತ್ತರವನ್ನಲ್ಲ.

ಈ ಸೀಮೆಯ ಹಳೆಯ ಕಂಬಗಳ ಪರಂಪರೆಯನ್ನು ನೆರೆಯ ಶಿಕಾರಿಪುರ ತಾಲ್ಲೂಕಿನಿಂದ ಆರಂಭಿಸಬೇಕಾಗುತ್ತದೆ. ತಾಳಗುಂದದ ಪ್ರಣವೇಶ್ವರ ದೇಗುಲದ ಎದುರಿಗಿರುವ ಸ್ತಂಭಶಾಸನ 5ನೆಯ ಶತಮಾನದ್ದು. ಕದಂಬರ ಶಾಂತಿವರ್ಮ ಬರೆಸಿದ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನವಿದು. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ನಮಗೆ ತಿಳಿದಿರುವುದು ಮುಖ್ಯವಾಗಿ ಈ ಕಂಬದಿಂದ. ರಾಜ್ಯಸ್ಥಾಪಕನೊಬ್ಬನ ಹೆಗ್ಗಳಿಕೆಯನ್ನು ಕಲ್ಲಿನ ಕಂಬದ ಮೇಲೆ ಹೀಗೆ ಸವಿಸ್ತಾರವಾಗಿ ಹೇಳಿದ್ದು ಕನ್ನಡನಾಡಿನಲ್ಲಿ ಬಹು ಹಿಂದಿನ ನಿದರ್ಶನ. ಆದರೂ ಶಾಸನದ ನೆಪ ಬೇರೆಯದೇ: ಶಾಂತಿವರ್ಮನ ತಂದೆ ಕಾಕುಸ್ಥವರ್ಮ ದೇಗುಲದ ಬಳಿ ಕೆರೆ ಕಟ್ಟಿಸಿದ ಎಂಬುದು. ವಂಶದ ವೈಭವವೆಲ್ಲ ಒಂದು ಕೆರೆಯ ದಾಖಲೆಗೆ ಪೀಠಿಕೆಯಾಗಿ ಬಂದಿದೆ.

ಅದೇ ತಾಲ್ಲೂಕಿನ ಬಳ್ಳಿಗಾವೆಯ ಗಂಡಭೇರುಂಡ ಸ್ತಂಭ ಇದಕ್ಕಿಂತ ಗತ್ತಿನದು. ಚಾಲುಕ್ಯರ ಅಧೀನದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯ 1047ರಲ್ಲಿ ಇದನ್ನು ನಿಲ್ಲಿಸಿದ. ಗಂಡಭೇರುಂಡ ಎಂಬುದು ಅವನದೇ ಬಿರುದು. ಒಂದೇ ಕಲ್ಲಿನ ದಂಡ 30 ಅಡಿಗೂ ಮಿಕ್ಕಿದೆ. ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿತಲೆಗಳ ಭೇರುಂಡ. ಅಧಿಕಾರದಲ್ಲಿರುವಾಗಲೇ ತನ್ನ ಬಿರುದನ್ನು ಕಂಬದ ತುದಿಗೇರಿಸಿದವನಿಗೆ ಸಂಕೋಚ ಕಡಿಮೆ ಎಂದೇ ಹೇಳಬೇಕು. ಅದಕ್ಕೂ ದೇವರ ಹೆಸರು ಸೇರಿಕೊಂಡು ಕಂಬ ಭೇರುಂಡೇಶ್ವರವಾಯಿತು, ಪೂಜೆಯ ವಸ್ತುವಾಯಿತು. ಇನ್ನೂ ದಕ್ಷಿಣಕ್ಕೆ, ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಗರುಡಗಂಬ 13ನೆಯ ಶತಮಾನದ ಮೊದಲ ಭಾಗದ್ದು. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಒಡೆಯನ ಹಿಂದೆಯೇ ಪ್ರಾಣ ಬಿಟ್ಟದ್ದನ್ನು ಅದು ಹೇಳುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳು ಅದರ ಸುತ್ತ ಇವೆ. ರಾಜನಲ್ಲದ, ಆದರೆ ರಾಜ್ಯದ ಹೊಣೆ ಹೊತ್ತ ಒಬ್ಬನಿಗೆಂದೇ ಎದ್ದ ಕಂಬ ಕರ್ನಾಟಕದಲ್ಲಿ ಯಾವುದು ಎಂದರೆ ಮೊದಲು ನೆನಪಾಗುವುದು ಇದೇ.

ಹೊಸನಗರ ತಾಲ್ಲೂಕಿನ ಹುಂಚ ಅಥವಾ ಹೊಂಬುಜ ಸಾಂತರ ಅರಸರ ರಾಜಧಾನಿಯಾಗಿತ್ತು. ಅಲ್ಲಿನ ಪಂಚಕೂಟ ಬಸದಿಯನ್ನು ಚಟ್ಟಲದೇವಿ 1077ರಲ್ಲಿ ಕಟ್ಟಿಸಿದಳು. ಪತಿಯನ್ನು ಕಳೆದುಕೊಂಡಿದ್ದ ಈಕೆ ತಂಗಿಯ ಗಂಡುಮಕ್ಕಳನ್ನು ಸಾಕಿ, ರಾಜ್ಯದ ಆಗುಹೋಗುಗಳಲ್ಲೂ ಕೈಯಿಟ್ಟವಳು. ಬಸದಿಯನ್ನು ಕಟ್ಟಿಸಿದ್ದು ತೀರಿಹೋದ ಬಂಧುಗಳ ಪರೋಕ್ಷವಿನಯಕ್ಕೆ, ಅಂದರೆ ಅವರ ನೆನಪಿನ ಗೌರವಕ್ಕೆ. ಅದರ ಎದುರಿಗಿರುವ ಮಾನಸ್ತಂಭವನ್ನು ಮೂರು ಹಂತದ ಪೀಠದ ಮೇಲೆ ನಿಲ್ಲಿಸಲಾಗಿದೆ. ಬುಡದಲ್ಲಿ ಆನೆ ಸಿಂಹಗಳು, ತುದಿಯಲ್ಲಿ ಕುಳಿತ ಬ್ರಹ್ಮದೇವ. ಮೂರು ತಾಲ್ಲೂಕುಗಳಲ್ಲಿ ಶಿಲ್ಪದ ದೃಷ್ಟಿಯಿಂದ ಅತ್ಯುತ್ತಮ ಕಂಬ ಯಾವುದು ಎಂದು ಕೇಳಿದರೆ ಇದನ್ನೇ ತೋರಿಸಬೇಕು. ಒಳಗೆ ಬರುವವನ ಗರ್ವ ಇಳಿಯಲೆಂದು ಬಸದಿಯ ಮುಂದೆ ಮಾನಸ್ತಂಭ ನಿಲ್ಲಿಸುತ್ತಾರೆ ಎಂಬುದು ಜೈನರ ನಂಬಿಕೆ. ಆಳುವವರ ಹಿರಿಮೆಗೆ ಕಂಬ ನೆಡುವ ರೂಢಿಗೆ ಇದು ನೇರ ಎದುರು ಮುಖ. ಅರಸುಮನೆಯವರ ನೆನಪಿಗೆ ಬಸದಿ ಎದ್ದಿದೆ, ಅದರ ಮುಂದಿನ ಕಂಬದಲ್ಲಿ ಮಾತ್ರ ಅರಸನಿಲ್ಲ. ಕಾಳಗದಲ್ಲಿ, ಗೋವುಗಳನ್ನು ಬಿಡಿಸುವಲ್ಲಿ ಸತ್ತ ಸಾಮಾನ್ಯರಿಗೆ ವೀರಗಲ್ಲು, ಸಹಗಮನ ಮಾಡಿದವರಿಗೆ ಮಾಸ್ತಿಕಲ್ಲು ಹಾಕಿಸುವ ಪದ್ಧತಿ ಈ ಸೀಮೆಯಲ್ಲಿ ದಟ್ಟವಾಗಿತ್ತು. ಅವು ಹೆಚ್ಚೆಂದರೆ ಆಳೆತ್ತರ.

1500ರ ಸುಮಾರಿಗೆ ಚೌಡಪ್ಪನಾಯಕನಿಂದ ಆರಂಭವಾದ ಕೆಳದಿ ಅರಸರ ಕಾಲ ಈ ಮೂರೂ ತಾಲ್ಲೂಕುಗಳಿಗೆ ಸೇರಿದ್ದು. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿ, ಹೊಸನಗರ ತಾಲ್ಲೂಕಿನ ಬಿದನೂರು ಒಂದಾದ ಮೇಲೊಂದು ರಾಜಧಾನಿಗಳಾದವು; ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಗಟ್ಟಿ ಕೋಟೆ. ಸಾಗರ ಪಟ್ಟಣದ ಹೆಸರೂ ಸದಾಶಿವನಾಯಕನ ಸದಾಶಿವಸಾಗರದಿಂದ ಬಂದದ್ದು. ಕೋಟೆಗಳ ಮೇಲೆ ಕಾವಲು ಬುರುಜುಗಳಿದ್ದವು, ದೇಗುಲಗಳ ಮುಂದೆ ಧ್ವಜಸ್ತಂಭಗಳಿದ್ದವು. ಕೆಳದಿಯ ವೀರಭದ್ರ ದೇಗುಲದ ಹೊರಗಿನ ಧ್ವಜಸ್ತಂಭದ ಬುಡದಲ್ಲಿರುವ ಒಂದು ಶಿಲ್ಪವನ್ನು ರಾಣಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನನ್ನು ಸತ್ಕರಿಸುತ್ತಿರುವ ದೃಶ್ಯವೆಂದು ಊರವರು ತೋರಿಸುತ್ತಾರೆ. ಮೊಗಲರ ದಂಡು ಬೆನ್ನಟ್ಟಿದ್ದಾಗ ಜಿಂಜಿಯತ್ತ ಹೊರಟಿದ್ದ ರಾಜಾರಾಮನಿಗೆ 1689ರಲ್ಲಿ ಚೆನ್ನಮ್ಮ ಆಶ್ರಯ ಕೊಟ್ಟದ್ದು ಈ ಸಂಸ್ಥಾನದ ಇತಿಹಾಸದಲ್ಲೇ ದೊಡ್ಡ ರಾಜಕೀಯ ನಿರ್ಧಾರ. ಔರಂಗಜೇಬನ ಸಿಟ್ಟನ್ನು ಮೈಮೇಲೆ ಎಳೆದುಕೊಂಡ ಆ ಧೈರ್ಯಕ್ಕೆ ಬೇರೆ ಕಡೆಯಾಗಿದ್ದರೆ ಕಂಬವನ್ನೇ ನೆಡುತ್ತಿದ್ದರು. ಇಲ್ಲಿ ಸಿಕ್ಕಿದ್ದು ದೇವರ ಕಂಬದ ಬುಡ.

ಇಕ್ಕೇರಿಯ ಅಘೋರೇಶ್ವರ ದೇಗುಲದಲ್ಲಿ ಇದಕ್ಕೂ ಮುಂದಿನ ಹೆಜ್ಜೆಯಿದೆ. ಗರ್ಭಗುಡಿಯ ಎದುರಿನ ನೆಲಹಾಸಿನ ಕಲ್ಲಿನಲ್ಲಿ ಮೂವರು ಕೆಳದಿ ನಾಯಕರು ಅಡ್ಡಬಿದ್ದು ನಮಸ್ಕರಿಸುವಂತೆ ಕೆತ್ತಲಾಗಿದೆ, ಮೇಲೆ ಅವರವರ ಹೆಸರುಗಳಿವೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇವನ್ನು ವಿವರಿಸುತ್ತ, ಅವರಲ್ಲೊಬ್ಬನಾದ ಹುಚ್ಚ ಸೋಮಶೇಖರನ ಕೈಕಾಲಿಗೆ ಬೇಡಿ ಹಾಕಿರುವಂತೆ ತೋರಿಸಿದೆ ಎಂದು ದಾಖಲಿಸಿದ್ದಾರೆ. ಆಳಿದವನನ್ನು ಅವನ ಬೇಡಿಯ ಸಮೇತ, ನಡೆದಾಡುವ ನೆಲದಲ್ಲಿ ನೆನೆಯುವ ಸ್ಮಾರಕ ಎತ್ತರದ ಲೆಕ್ಕದಲ್ಲಿ ಸೊನ್ನೆ. ವಾಷಿಂಗ್ಟನ್ನಿನ ಕಂಬವನ್ನೂ ಇದನ್ನೂ ಒಂದೇ ಶೀರ್ಷಿಕೆಯಡಿ ತರುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಎರಡೂ ಆಳಿದವರ ನೆನಪಿಗೆ ಮಾಡಿದ ಕಲ್ಲಿನ ಕೆಲಸಗಳೇ. ನೋಡುವವನ ಕಣ್ಣನ್ನು ಒಂದು ಮೇಲೆತ್ತಿಸುತ್ತದೆ, ಇನ್ನೊಂದು ಕೆಳಗಿಳಿಸುತ್ತದೆ. ಇದೇ ದೇಗುಲದ ಕಂಬಗಳ ನಡುವಿನ ಅಂತರ ತೋಟದ ಜಮೀನನ್ನು ಅಳೆಯುವ ಮಾನವಾಗಿ ಬಳಕೆಯಲ್ಲಿತ್ತು. ಶಿವಪ್ಪನಾಯಕ (ಆಳ್ವಿಕೆ 1645–1660) ಮಣ್ಣಿನ ಗುಣ, ಬೆಳೆಯ ಪ್ರಮಾಣ ನೋಡಿ ಕಂದಾಯ ಗೊತ್ತುಮಾಡಿದ ಶಿಸ್ತಿನ ಪದ್ಧತಿಯೂ ಅಳತೆಯದೇ ಮಾತು. ಅವನ ನಿಜವಾದ ಸ್ಮಾರಕ ಈ ಶಿಸ್ತು ಎನ್ನುವವರಿದ್ದಾರೆ. ಅವನು ಸತ್ತು ತಲೆಮಾರುಗಳು ಕಳೆದ ಮೇಲೂ ಜನ ತೆರಿಗೆಯ ಲೆಕ್ಕದಲ್ಲಿ ಅವನ ಹೆಸರೆತ್ತುತ್ತಿದ್ದರು.

ಬಿದನೂರು, ಅಂದರೆ ಇಂದಿನ ನಗರ, 1763ರಲ್ಲಿ ಹೈದರಾಲಿಯ ಕೈಸೇರಿತು. ಊರಿನ ಬಳಿಯ ಕೊಪ್ಪಲು ಮಠದಲ್ಲಿ ಶಿವಪ್ಪನಾಯಕ ಮೊದಲಾದ ಕೆಳದಿ ಅರಸರವೆಂದು ಗುರುತಿಸುವ ಗದ್ದುಗೆಗಳಿವೆ. ವೀರಶೈವ ಸಂಪ್ರದಾಯದಂತೆ ಮಾಡಿದ ಸರಳ ಸಮಾಧಿಗಳವು. ದೊಡ್ಡ ರಾಜ್ಯದ ಒಡೆಯರವೆಂದು ನೋಡಿದೊಡನೆ ಹೇಳಲಾಗದು. ನಗರದ ದೇವಗಂಗೆ ಕೊಳ, ಆನಂದಪುರದ ಹತ್ತಿರ ಮಲಂದೂರಿನ ಚಂಪಕ ಸರಸಿ ಇವೇ ಆ ಕಾಲದ ಕಟ್ಟಡಗಳಲ್ಲಿ ಕಣ್ಣಿಗೆ ತುಂಬುವಂಥವು. ವೆಂಕಟಪ್ಪನಾಯಕ ತನ್ನ ಪ್ರಿಯೆ ಚಂಪಕಳ ನೆನಪಿಗೆ ಕಟ್ಟಿಸಿದನೆಂದು ಹೇಳುವ ಈ ಕಲ್ಲಿನ ಕೊಳದ ನಡುವೆ ಪುಟ್ಟ ಗುಡಿಯಿದೆ. ನೆನಪಿಗೆ ಮೇಲಕ್ಕೆ ಕಟ್ಟುವ ಬದಲು ಕೆಳಕ್ಕೆ ಅಗೆಯುವುದು ಈ ಸೀಮೆಯ ಒಲವು.

ನಾಯಕನ ಗೌರವಕ್ಕೆಂದೇ ಎದ್ದು, ಬೇರೆ ಯಾವ ಕೆಲಸಕ್ಕೂ ಬಾರದ ಕಂಬ ಮೈಸೂರು ಸಂಸ್ಥಾನಕ್ಕೆ ಬಂದದ್ದು ಇಂಗ್ಲಿಷರ ಜೊತೆಯಲ್ಲಿ. ದಿವಾನ್ ಪೂರ್ಣಯ್ಯ ಶ್ರೀರಂಗಪಟ್ಟಣ–ಮೈಸೂರು ದಾರಿಯಲ್ಲಿ ಜೋಸಾಯ ವೆಬ್ ಸ್ಮರಣೆಗೆ ಚೂಪು ತುದಿಯ ಕಂಬವೊಂದನ್ನು ನಿಲ್ಲಿಸಿದರು. ವೆಬ್ ಮದ್ರಾಸು ಸರ್ಕಾರದ ಮುಖ್ಯ ಕಾರ್ಯದರ್ಶಿಯಾಗಿದ್ದು 1804ರಲ್ಲಿ ತೀರಿಕೊಂಡವರು. ಒಬ್ಬ ಆಡಳಿತಗಾರ ಇನ್ನೊಬ್ಬ ಆಡಳಿತಗಾರನಿಗೆ ಮಾಡಿಸಿದ ಈ ಗೌರವ ಕರ್ನಾಟಕದ ಮಟ್ಟಿಗೆ ಹೊಸ ರೀತಿಯದು. ಬೆಂಗಳೂರಿನಲ್ಲಿ 1791ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ನೆನಪಿನ ಕಂಬವಿತ್ತು. ವಸಾಹತಿನ ಕುರುಹು ಬೇಡವೆಂದು ಅದನ್ನು 1964ರಲ್ಲಿ ತೆಗೆಸಲಾಯಿತು. ಮೈಸೂರಿನ ದೊಡ್ಡ ಗಡಿಯಾರ ಹೆಚ್ಚು ಬುದ್ಧಿವಂತಿಕೆಯ ಕೆಲಸ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ 75 ಅಡಿಯ ಈ ಗೋಪುರ ಗೌರವದ ಜೊತೆಗೆ ಊರಿಗೆ ಹೊತ್ತನ್ನೂ ಹೇಳಿತು.

ಅದೇ 1927ರಲ್ಲಿ ಮಹಾತ್ಮ ಗಾಂಧಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಸಾಗರಕ್ಕೆ ಬಂದಿದ್ದರು. ಜೋಗ ಅಲ್ಲಿಂದ ಹತ್ತಿರ. ಜೊತೆಯಲ್ಲಿದ್ದವರು ಜಲಪಾತ ನೋಡಲು ಹೊರಟು ಅವರನ್ನೂ ಕರೆದರು. ಅಷ್ಟು ಎತ್ತರದಿಂದ ನೀರು ಬೀಳುವುದನ್ನು ನೋಡಬೇಡವೇ ಎಂದದ್ದಕ್ಕೆ, ಮಳೆ ಅದಕ್ಕಿಂತ ಎಷ್ಟೋ ಎತ್ತರದಿಂದ ಬೀಳುತ್ತದಲ್ಲ ಎಂಬರ್ಥದ ಉತ್ತರ ಬಂತೆಂದು ಜೊತೆಗಾರರಲ್ಲೊಬ್ಬರಾದ ಕಾಕಾ ಕಾಲೇಲ್ಕರ್ ಬರೆದಿದ್ದಾರೆ. ಗಾಂಧಿ ಜೋಗಕ್ಕೆ ಹೋಗಲಿಲ್ಲ. ಎರಡು ದಶಕಗಳ ನಂತರ ಅದೇ ಜೋಗದಲ್ಲಿ ಮೈಸೂರು ಸರ್ಕಾರದ ವಿದ್ಯುದಾಗಾರ ಸಿದ್ಧವಾಯಿತು. ಕೆಲಸ ಶುರುವಾದಾಗ ಅದಕ್ಕಿದ್ದುದು ಮಹಾರಾಜ ಕೃಷ್ಣರಾಜೇಂದ್ರರ ಹೆಸರು. ಗಾಂಧಿಯವರ ಹತ್ಯೆಯಾದ 1948ರಲ್ಲೇ ವಿದ್ಯುತ್ ಉತ್ಪಾದನೆ ಆರಂಭವಾಗಿ, ಬಳಿಕ ಅದು ಮಹಾತ್ಮ ಗಾಂಧಿ ಜಲವಿದ್ಯುದಾಗಾರವಾಯಿತು. 12 ಮೆಗಾವಾಟಿನ ನಾಲ್ಕು, 18 ಮೆಗಾವಾಟಿನ ನಾಲ್ಕು ಯಂತ್ರಗಳಿಂದ ಒಟ್ಟು 120 ಮೆಗಾವಾಟ್. ನವೀಕರಣದ ಬಳಿಕ 139.2. ಇದಕ್ಕೆ ನೀರುಣಿಸಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1964ರ ಲಿಂಗನಮಕ್ಕಿ ಜಲಾಶಯದಲ್ಲಿ ತಾನೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಕನ್ಯಾಕುಮಾರಿಯಲ್ಲಿ ಗಾಂಧಿಯವರು ತೀರಿಕೊಂಡಾಗ ನಡೆಯುತ್ತಿದ್ದ 79ನೆಯ ವರ್ಷಕ್ಕೆ ಸರಿಯಾಗಿ 79 ಅಡಿಯ ಶಿಖರವಿರುವ ಮಂಟಪ 1956ರಲ್ಲಿ ಎದ್ದಿತು. ಸಾಗರ ತಾಲ್ಲೂಕಿನಲ್ಲಿ ಅವರ ಹೆಸರು ಹೊತ್ತದ್ದು, ಅವರೇ ನೋಡಲೊಲ್ಲದ 830 ಅಡಿಯ ಜಲಪಾತದ ಪಕ್ಕದ ಯಂತ್ರಾಗಾರ. ದೊಡ್ಡ ಯಂತ್ರಗಳ ಬಗ್ಗೆ ಅವರಿಗಿದ್ದ ಅನುಮಾನವನ್ನು ಬಲ್ಲವರು ಈ ನಾಮಕರಣಕ್ಕೆ ನಕ್ಕಿರಲೂ ಸಾಕು. ಆದರೆ ಹಳೆಯ ಮೈಸೂರಿನ ಎಷ್ಟೋ ಮನೆಗಳ ಮೊದಲ ದೀಪ ಉರಿದದ್ದು ಇಲ್ಲಿಂದ ಹೋದ ತಂತಿಯಿಂದ.

ಸ್ವಾತಂತ್ರ್ಯಾನಂತರ ಈ ಸೀಮೆ ರಾಷ್ಟ್ರದ ಗಮನ ಸೆಳೆದದ್ದು ಕಾಗೋಡು ಸತ್ಯಾಗ್ರಹದಿಂದ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ತಕರಾರು ಎದ್ದಿತು. ಭೂಮಾಲೀಕರ ಕೊಳಗ ದೊಡ್ಡದು, ಸರಿಯಾದ ಅಳತೆಯಲ್ಲೇ ಕೊಡುತ್ತೇವೆ ಎಂದು ಗೇಣಿದಾರರು ಪಟ್ಟು ಹಿಡಿದರು; ಅವರಲ್ಲಿ ಬಹುಪಾಲು ದೀವರ ಸಮುದಾಯದವರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ರೈತರು ಗದ್ದೆಗಿಳಿದು ನೇಗಿಲು ಹೂಡಿ ಬಂಧನಕ್ಕೊಳಗಾಗತೊಡಗಿದರು. ಸಮಾಜವಾದಿಗಳು ಜೊತೆಗೂಡಿದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಇಕ್ಕೇರಿಯ ಕಂಬಗಳ ನಡುವಿನ ಅಳತೆ, ಶಿವಪ್ಪನಾಯಕನ ಶಿಸ್ತು, ಕಾಗೋಡಿನ ಕೊಳಗ ಇವನ್ನು ಒಟ್ಟಿಗಿಟ್ಟು ನೋಡಿದರೆ ಈ ನಾಡಿನ ರಾಜಕಾರಣ ಯಾವುದರ ಸುತ್ತ ತಿರುಗಿದೆ ಎಂಬುದು ಗೊತ್ತಾಗುತ್ತದೆ.

ಆ ಹೋರಾಟದಿಂದ ಮೇಲೆ ಬಂದ ಶಾಂತವೇರಿ ಗೋಪಾಲಗೌಡ (1923–1972) ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ವಿಧಾನಸಭೆಗೆ ಆಯ್ಕೆಯಾದರು. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಉಳುವವನಿಗೆ ಭೂಮಿ ಕೊಡಿಸುವ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು, ರಾಜ್ಯ 1973ರಲ್ಲಿ ಕರ್ನಾಟಕವೆಂದು ಹೆಸರಾಯಿತು. ಎರಡಕ್ಕೂ ಸದನದಲ್ಲಿ ದನಿಯೆತ್ತಿದ್ದ ಅವರು ಎರಡನ್ನೂ ನೋಡಲಿಲ್ಲ. ಅವರ ಹೆಸರು ಬೆಂಗಳೂರಿನಲ್ಲಿ ವಿಧಾನಸೌಧದ ಹತ್ತಿರದ ವೃತ್ತಕ್ಕೆ, ತೀರ್ಥಹಳ್ಳಿಯ ರಂಗಮಂದಿರಕ್ಕೆ, ಸಾಗರದ ಕ್ರೀಡಾಂಗಣಕ್ಕೆ ಇದೆ. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ಕೃಷ್ಣಪ್ಪಗೌಡನ ಹಿಂದೆ ಇರುವುದೂ ಅವರ ಬದುಕು. ಹಾಸಿಗೆ ಹಿಡಿದ ನಾಯಕನನ್ನು ಅವನ ಗೊಂದಲಗಳ ಸಮೇತ ತೋರಿಸುವ ಆ ಕೃತಿ, ಇಕ್ಕೇರಿಯ ನೆಲಗಲ್ಲಿನ ಹಾಗೆಯೇ, ನಾಯಕನನ್ನು ಎತ್ತರಿಸಲು ಹೋಗುವುದಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಕಡಿದಾಳ್ ಮಂಜಪ್ಪ 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮುಖ್ಯಮಂತ್ರಿ. ಮರುದಿನ ಏಕೀಕೃತ ಮೈಸೂರು ರಾಜ್ಯ ಹುಟ್ಟಿದ್ದರಿಂದ ಹಳೆಯ ಮೈಸೂರಿನ ಕೊನೆಯ ಮುಖ್ಯಮಂತ್ರಿ ಅವರೇ. ಕಂದಾಯ ಮಂತ್ರಿಯಾಗಿ ಗೇಣಿ ಮತ್ತು ಇನಾಂ ಕಾನೂನುಗಳಲ್ಲಿ ದುಡಿದ ಅವರು ತಮ್ಮ ಆತ್ಮಕಥೆಗೆ ‘ನನಸಾಗದ ಕನಸು’ ಎಂದು ಹೆಸರಿಟ್ಟರು. ಜನಮನದಲ್ಲಿ ಗೋಪಾಲಗೌಡರಿಗೆ ಸಿಕ್ಕ ಜಾಗ ಅವರಿಗೆ ಸಿಕ್ಕಿಲ್ಲ, ಸಿಗಬೇಕಿತ್ತು.

ಈ ತಾಲ್ಲೂಕುಗಳಲ್ಲಿ ಆಧುನಿಕ ಕಾಲದಲ್ಲಿ ಎದ್ದ ನಿಜವಾದ ಬೃಹತ್ ಸ್ಮಾರಕ ಕವಿಯದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕವಿಯ ಮನೆಯ ಹಿಂದಿನ ಗುಡ್ಡದ ಮೇಲೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಸಮಾಧಿಯಿರುವ ಕವಿಶೈಲದಲ್ಲಿ, ಕಲಾವಿದ ಕೆ.ಟಿ. ಶಿವಪ್ರಸಾದ್ ವಿನ್ಯಾಸದ ಕಲ್ಲಿನ ರಚನೆಯಿದೆ. ಬೃಹತ್ ಶಿಲಾಯುಗದ ಗೋರಿಗಳಂತೆ ನೆಟ್ಟ ಕಂಬಗಳು, ಅವುಗಳ ಮೇಲೆ ಅಡ್ಡಗಲ್ಲುಗಳು, ಹೆಸರಿಲ್ಲ, ಮೂರ್ತಿಯಿಲ್ಲ. ಪಕ್ಕದ ಬಂಡೆಯ ಮೇಲೆ 1936ರಲ್ಲಿ ಬಿ.ಎಂ. ಶ್ರೀಕಂಠಯ್ಯ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಹೆಸರಿನ ಅಕ್ಷರಗಳಿವೆ. ರಾಜಕಾರಣಿಗಳಿಗೆ ಕಂಬ ಎತ್ತಲು ಹಿಂಜರಿದ ಸೀಮೆ ಕವಿಗೆ ಎತ್ತಿತು. ನೋಡಲು ಬರುವವರ ಸಂಖ್ಯೆಯೂ ಅದಕ್ಕೆ ತಕ್ಕಂತಿದೆ.

ಕರ್ನಾಟಕದ ಇತರೆಡೆ ಈಚಿನ ಒಲವು ಎತ್ತರದ ಕಡೆಗೆ. ಬೆಂಗಳೂರು ವಿಮಾನ ನಿಲ್ದಾಣದ ಬಳಿ 2022ರ ನವೆಂಬರಿನಲ್ಲಿ ನಾಡಪ್ರಭು ಕೆಂಪೇಗೌಡನ 108 ಅಡಿಯ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಶಿಲ್ಪಿ ರಾಮ್ ಸುತಾರ್. ಗುಜರಾತಿನಲ್ಲಿ 2018ರಲ್ಲಿ ಎದ್ದ ಸರ್ದಾರ್ ಪಟೇಲರ 182 ಮೀಟರ್ ಪ್ರತಿಮೆಯ ಶಿಲ್ಪಿಯೂ ಅವರೇ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಪ್ರತಿಮೆ ಪೇಟೆಯ ವೃತ್ತದಲ್ಲಿದೆ, ಸಾಗರ ತಾಲ್ಲೂಕಿನ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ ಅವನ ಹೆಸರಿದೆ. ಕಂದಾಯಕ್ಕೆಂದು ಮಣ್ಣು ಪರೀಕ್ಷಿಸಿದ ಅರಸನಿಗೆ ಇದಕ್ಕಿಂತ ಒಪ್ಪುವ ಗೌರವ ಸಿಗಲಾರದು. ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಬಿ.ಎಸ್. ಯಡಿಯೂರಪ್ಪ ಅವರ ಹೆಸರಿಡುವ ಮಾತು ಬಂದಾಗ ಅವರೇ ಬೇಡವೆಂದರು. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಆ ನಿಲ್ದಾಣ ರಾಷ್ಟ್ರಕವಿ ಕುವೆಂಪು ಹೆಸರಿನದು.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತುಮರಿಯ ಕಡೆಯ ಹಳ್ಳಿಗಳು ಸಾಗರದಿಂದ ಕತ್ತರಿಸಿಹೋಗಿ ದಶಕಗಳ ಕಾಲ ಲಾಂಚನ್ನೇ ನಂಬಿಕೊಂಡಿದ್ದವು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಕೇಬಲ್ ಆಧಾರಿತ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ನೀರಿನ ಮೇಲೆ ದೂರದಿಂದಲೇ ಕಾಣುವ ಅದರ ಕಂಬಗಳು ಕೇಬಲ್ ಹೊರಲು ನಿಂತವು. ಸೇತುವೆಗೆ ಸಿಗಂದೂರು ಚೌಡೇಶ್ವರಿಯ ಹೆಸರಿಟ್ಟರು.